ನಾಲ್ಕು ಹಾಡಿನ ತಟ್ಟೆ, ಸಂಜೆ ಐದರ ವೇದಿಕೆ

ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಪೆಟ್ಟಿಗೆ ಇತ್ತು. ಅದರೊಳಗೆ ಅಪ್ಪ ಕೂಡಿಟ್ಟ ಎಚ್‌ಎಂವಿ ರೆಕಾರ್ಡುಗಳು. ದೊಡ್ಡವು ನಾಲ್ಕೋ ಐದೋ; ಉಳಿದವೆಲ್ಲ ಏಳಿಂಚಿನ ಪುಟ್ಟ ತಟ್ಟೆಗಳು. ಈ ಮಗ್ಗುಲಿಗೆ ಎರಡು, ಆ ಮಗ್ಗುಲಿಗೆ ಎರಡು, ಒಟ್ಟು ನಾಲ್ಕು ಸಿನಿಮಾ ಹಾಡು. ಎರಡು ಮುಗಿಯುತ್ತಿದ್ದಂತೆ ಯಾರಾದರೂ ಎದ್ದು ತಟ್ಟೆ ಮಗುಚಿ ಹಾಕಬೇಕು. ಆ ಕೆಲಸ ನನ್ನ ಪಾಲಿಗೆ ಬಂದಿತ್ತು. ಹಾಡುಗಳಷ್ಟೇ ಅಲ್ಲ, ಹಾಡು ಹಾಡಿನ ನಡುವಿನ ಗರಗರ ಸದ್ದೂ ನನಗೆ ಬಾಯಿಪಾಠವಾಗಿತ್ತು.

ಆ ತಟ್ಟೆಗೆ ಇಪಿ ಎಂದು ಹೆಸರು. ಬಿಡಿಸಿ ಹೇಳಿದರೆ ಎಕ್ಸ್‌ಟೆಂಡೆಡ್ ಪ್ಲೇ. 1948ರಲ್ಲಿ ಕೊಲಂಬಿಯಾ ಕಂಪನಿ ಎಲ್‌ಪಿ ಎಂಬ ದೊಡ್ಡ ತಟ್ಟೆಯನ್ನು ಮಾರುಕಟ್ಟೆಗೆ ತಂದಾಗ, ಅದಕ್ಕೆದುರಾಗಿ ಆರ್‌ಸಿಎ ವಿಕ್ಟರ್ ಮರುವರ್ಷವೇ ನಿಮಿಷಕ್ಕೆ 45 ಸುತ್ತು ತಿರುಗುವ ಸಣ್ಣ ತಟ್ಟೆಯನ್ನು ಇಳಿಸಿತು. ಅದರಲ್ಲಿ ಹಿಡಿಯುತ್ತಿದ್ದದ್ದು ಮಗ್ಗುಲಿಗೆ ಒಂದೇ ಹಾಡು. 1952ರಲ್ಲಿ ಅದೇ ತಟ್ಟೆಯ ಗೆರೆಗಳನ್ನು ಇನ್ನಷ್ಟು ಒತ್ತೊತ್ತಾಗಿ ಕೊರೆದು ಮಗ್ಗುಲಿಗೆ ಏಳು ನಿಮಿಷಕ್ಕೂ ಮಿಕ್ಕಿ ಸಂಗೀತ ತುಂಬಿದರು. ಇಪಿ ಹುಟ್ಟಿದ್ದು ಹಾಗೆ. ತಟ್ಟೆ ಹೋಗಿ ಕ್ಯಾಸೆಟ್ ಬಂತು, ಸಿಡಿ ಬಂತು, ಈಗ ಎಲ್ಲವೂ ಫೋನಿನೊಳಗೆ. ಹೆಸರು ಮಾತ್ರ ಉಳಿದುಕೊಂಡಿದೆ. ನಾಲ್ಕೈದು ಹಾಡಿನ, ಇಪ್ಪತ್ತು–ಇಪ್ಪತ್ತೈದು ನಿಮಿಷದ ಆಲ್ಬಮ್ಮಿಗೆ ಇಂದಿಗೂ ಇಪಿ ಎಂದೇ ಕರೆಯುತ್ತಾರೆ.

ಸಿನಿಮಾದ ಹಂಗಿಲ್ಲದ, ದೊಡ್ಡ ಕಂಪನಿಯ ಮರ್ಜಿ ಕಾಯದ ಸಂಗೀತವನ್ನು ಕೇಳಬೇಕು, ಆದರೆ ಎಲ್ಲಿಂದ ಶುರುಮಾಡುವುದು ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಒಂದೇ. ಇಪಿಯಿಂದ ಶುರುಮಾಡಿ, ಆಮೇಲೆ ಆ ಬ್ಯಾಂಡು ನಿಮ್ಮೂರಿನ ವೇದಿಕೆಗೆ ಬಂದಾಗ ಹೋಗಿ ನೋಡಿ. ಸ್ವತಂತ್ರ ಸಂಗೀತ ಬೆಳೆದು ಬಂದ ದಾರಿಯೇ ಅದು.

ಈ ದಾರಿಯ ದೊಡ್ಡ ಕಥೆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ್ದು. 1976ರ ಜೂನ್ 4ರಂದು ಅಲ್ಲಿನ ಲೆಸರ್ ಫ್ರೀ ಟ್ರೇಡ್ ಹಾಲ್‌ನಲ್ಲಿ ಸೆಕ್ಸ್ ಪಿಸ್ಟಲ್ಸ್ ಎಂಬ ಲಂಡನ್ನಿನ ಪಂಕ್ ಬ್ಯಾಂಡು ನುಡಿಸಿತು. ಅವರನ್ನು ಕರೆಸಿದವರು ಆಗಿನ್ನೂ ಯಾರಿಗೂ ಗೊತ್ತಿಲ್ಲದ ಇಬ್ಬರು ಹುಡುಗರು, ಪೀಟ್ ಶೆಲ್ಲಿ ಮತ್ತು ಹೊವರ್ಡ್ ಡಿವೋಟೊ. ಸಭಾಂಗಣ ತುಂಬಲಿಲ್ಲ. ಆದರೆ ಅಂದು ಕೇಳಲು ಬಂದವರಲ್ಲಿ ಕೆಲವರು ಮುಂದೆ ತಾವೇ ಬ್ಯಾಂಡು ಕಟ್ಟಿ ಮ್ಯಾಂಚೆಸ್ಟರಿನ ಸಂಗೀತದ ಚಹರೆಯನ್ನೇ ಬದಲಿಸಿದರು. ಶೆಲ್ಲಿ, ಡಿವೋಟೊ ಕಟ್ಟಿದ ಬ್ಯಾಂಡು ಬಜ್‌ಕಾಕ್ಸ್. ಅವರಿಗೂ ರೆಕಾರ್ಡು ಮಾಡುವ ಆಸೆ. ಕಂಪನಿಗಳೆಲ್ಲ ಲಂಡನ್ನಿನಲ್ಲಿ, ಮ್ಯಾಂಚೆಸ್ಟರಿನ ಹುಡುಗರನ್ನು ಕೇಳುವವರು ಯಾರು? ಶೆಲ್ಲಿಯ ಅಪ್ಪನಿಂದ, ಸ್ನೇಹಿತರಿಂದ ಸಾಲ ಎತ್ತಿ 500 ಪೌಂಡು ಹೊಂದಿಸಿದರು. ಡಿಸೆಂಬರ್ 28ರಂದು ಊರಿನ ಸ್ಟುಡಿಯೊ ಒಂದಕ್ಕೆ ಹೋಗಿ ಒಂದೇ ದಿನದಲ್ಲಿ ನಾಲ್ಕು ಹಾಡು ಮುದ್ರಿಸಿಕೊಂಡು ಬಂದರು. ನ್ಯೂ ಹಾರ್ಮೋನ್ಸ್ ಎಂದು ತಾವೇ ಒಂದು ಲೇಬಲ್ ಹೆಸರಿಟ್ಟುಕೊಂಡು, 1977ರ ಜನವರಿ 29ರಂದು 'ಸ್ಪೈರಲ್ ಸ್ಕ್ರ್ಯಾಚ್' ಎಂಬ ಇಪಿಯನ್ನು ಹೊರತಂದರು. ಮೊದಲು ಒತ್ತಿಸಿದ್ದು ಸಾವಿರ ಪ್ರತಿ. ಕೊನೆಗೆ ಹದಿನಾರು ಸಾವಿರ ಖರ್ಚಾಯಿತು.

ಆ ಇಪಿಯಲ್ಲಿ ನನ್ನ ಮನಸ್ಸು ಗೆದ್ದ ಸಂಗತಿ ಅದರ ಹೊದಿಕೆಯ ಮೇಲಿದೆ. ಯಾವ ಹಾಡು ಎಷ್ಟನೆಯ ಟೇಕಿಗೆ ಸರಿಬಂತು, ಗಿಟಾರನ್ನು ಎಲ್ಲಿ ಆಮೇಲೆ ಸೇರಿಸಿದೆವು ಎಂಬುದನ್ನೆಲ್ಲ ಅದರ ಮೇಲೆ ಮುದ್ರಿಸಿದ್ದಾರೆ. ಅಡುಗೆ ಮಾಡಿ ಬಡಿಸಿದ್ದಲ್ಲದೆ, ಮಾಡುವ ಬಗೆಯನ್ನೂ ಎಲೆಯ ಪಕ್ಕದಲ್ಲೇ ಇಟ್ಟ ಹಾಗೆ. ನೀವೂ ಮಾಡಬಹುದು ಎಂದು ಅದು ಓದಿದವರಿಗೆ ಹೇಳುತ್ತಿತ್ತು. ಇಂಗ್ಲೆಂಡಿನ ಊರೂರಲ್ಲಿ ಹುಡುಗ ಹುಡುಗಿಯರು ಸಾಲ ಎತ್ತಿ ತಮ್ಮದೇ ಲೇಬಲ್ ಕಟ್ಟಲು ಹೊರಟದ್ದು ಇದಾದ ಮೇಲೆಯೇ.

ಅವರ ಹತ್ತಿರ ಹತ್ತು ಹಾಡಿಗಾಗುವಷ್ಟು ದುಡ್ಡು ಇರಲಿಲ್ಲ ಎಂಬುದು ನಿಜ. ಆದರೆ ಕಡಿಮೆ ದುಡ್ಡು ಒಂದು ಶಿಸ್ತನ್ನೂ ಕಲಿಸುತ್ತದೆ. ಇರುವ ಹಾಡುಗಳಲ್ಲಿ ಗಟ್ಟಿಯಾದ ನಾಲ್ಕನ್ನೇ ಆರಿಸಬೇಕಾಗುತ್ತದೆ. ಹೊಸ ಬ್ಯಾಂಡುಗಳ ಹತ್ತು ಹಾಡಿನ ಮೊದಲ ಆಲ್ಬಮ್ ಕೇಳುವಾಗ ಮೂರು ಹಾಡಾದರೂ ಜಾಗ ತುಂಬಲು ಸೇರಿಸಿದ್ದೆಂದು ನನಗೆ ಅನಿಸುತ್ತದೆ. ಒಳ್ಳೆಯ ಇಪಿಯಲ್ಲಿ ಅದಕ್ಕೆ ಎಡೆಯಿಲ್ಲ. ಕೇಳುವವರಿಗೂ ಹಗುರ. ಮೆಜೆಸ್ಟಿಕ್ಕಿನಿಂದ ಜಯನಗರಕ್ಕೆ ಬಸ್ಸಿನಲ್ಲಿ ಹೋಗುವಷ್ಟರಲ್ಲಿ ಒಂದು ಬ್ಯಾಂಡಿನ ಪರಿಚಯ ಪೂರ್ತಿಯಾಗಿರುತ್ತದೆ. ಇಳಿಯುವಾಗ ಇನ್ನೊಮ್ಮೆ ಕೇಳಬೇಕು ಅನಿಸಿತೋ, ಆ ಬ್ಯಾಂಡು ನಿಮ್ಮದಾಯಿತು.

ಬೆಂಗಳೂರಿನ ಪರ್ವಾಜ್ ಬ್ಯಾಂಡನ್ನೇ ನೋಡಿ. ಕಾಶ್ಮೀರದಿಂದ ಬಂದ ಬಾಲ್ಯದ ಗೆಳೆಯರಾದ ಖಾಲಿದ್ ಅಹಮದ್, ಕಾಶಿಫ್ ಇಕ್ಬಾಲ್ ಅವರು ಇಲ್ಲಿನ ಸಚಿನ್ ಬಾಣಂದೂರು, ಫಿಡೆಲ್ ಡಿಸೋಜ ಅವರ ಜೊತೆ ಸೇರಿ ಕಟ್ಟಿದ ತಂಡ. ಹಾಡುವುದು ಉರ್ದು ಮತ್ತು ಕಾಶ್ಮೀರಿಯಲ್ಲಿ. 2012ರಲ್ಲಿ ಅವರು ಮೊದಲು ತಂದದ್ದು 'ಬೇಹೋಶ್' ಎಂಬ ಇಪಿ. ಪೂರ್ಣ ಪ್ರಮಾಣದ ಆಲ್ಬಮ್ 'ಬಾರನ್' ಬಂದದ್ದು 2014ರಲ್ಲಿ. ನಡುವಿನ ಎರಡು ವರ್ಷ ಅವರು ವೇದಿಕೆಯಿಂದ ವೇದಿಕೆಗೆ ಅಲೆದು ಆ ಹಾಡುಗಳನ್ನು ಜನರೆದುರು ಪಳಗಿಸಿದರು. ಭಾಷೆ ತಿಳಿಯದೆಯೂ ಜನ ಕೂತು ಕೇಳಿದರು.

ಕನ್ನಡಕ್ಕೆ ಈ ಹಾದಿ ಹೊಸದಲ್ಲ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿ 'ನಿತ್ಯೋತ್ಸವ' ಧ್ವನಿಸುರುಳಿ ಬಂದಾಗ, ಸಿನಿಮಾದ ಆಸರೆಯಿಲ್ಲದೆಯೂ ಹಾಡು ಮನೆಮನೆಗೆ ಹೋಗಬಲ್ಲದು ಎಂಬುದು ಎಲ್ಲರಿಗೂ ಮನವರಿಕೆಯಾಯಿತು. ವರ್ಷಗಳು ಕಳೆದ ಮೇಲೆ ರಘು ದೀಕ್ಷಿತ್ ಸಂತ ಶಿಶುನಾಳ ಶರೀಫರ ತತ್ವಪದವನ್ನು ಗಿಟಾರಿನ ಮೇಲೆ ಹಾಡತೊಡಗಿದರು. ಅವರಿಗೆ ಕಂಪನಿಗಳ ಬಾಗಿಲು ವರ್ಷಗಟ್ಟಲೆ ತೆರೆದಿರಲಿಲ್ಲ. ಮುಂಬೈನ ಕ್ಲಬ್ಬೊಂದರಲ್ಲಿ ಹಾಡುವಾಗ ವಿಶಾಲ್–ಶೇಖರ್ ಜೋಡಿಯ ಕಿವಿಗೆ ಬಿದ್ದು, 2008ರಲ್ಲಿ ಅವರ ಮೊದಲ ಆಲ್ಬಮ್ ಬಂತು. 2010ರ ಹೊತ್ತಿಗೆ ಅದೇ ಹಾಡುಗಾರ ಪಂಚೆ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದ. ಅರ್ಜಿ, ಡೆಮೊ ಸಿಡಿಗಳು ಮಾಡಲಾಗದ ಕೆಲಸವನ್ನು ಒಂದು ಸಂಜೆಯ ವೇದಿಕೆ ಮಾಡಿತು. ಅವರ ತಮ್ಮ ವಾಸು ದೀಕ್ಷಿತ್ ಅವರ ಸ್ವರಾತ್ಮ ತಂಡವನ್ನೂ ವೇದಿಕೆಯ ಮೇಲೆಯೇ ನೋಡಬೇಕು. ನಮ್ಮ ಜಾತ್ರೆಗಳ ಕೀಲುಕುದುರೆಯ ಹಾಗೆ ಸೊಂಟಕ್ಕೆ ಕುದುರೆ ಕಟ್ಟಿಕೊಂಡು ಅವರು ಕುಣಿಯುವುದು ಯಾವ ರೆಕಾರ್ಡಿನಲ್ಲೂ ಸಿಗದು.

ವೇದಿಕೆಯ ವಿಷಯದಲ್ಲಿ ಬೆಂಗಳೂರು ಅದೃಷ್ಟವಂತ ಊರು. ಚಾಮರಾಜಪೇಟೆಯಲ್ಲಿ 1939ರಿಂದ ನಡೆದುಬಂದಿರುವ ರಾಮನವಮಿ ಸಂಗೀತೋತ್ಸವ ಈ ಊರಿನ ಜನಕ್ಕೆ ಪೆಂಡಾಲಿನ ಕೆಳಗೆ ಗಂಟೆಗಟ್ಟಲೆ ಕೂತು ಕೇಳುವುದನ್ನು ಕಲಿಸಿದೆ. 1996ರಲ್ಲಿ ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ ಫ್ರೀಡಂ ಜ್ಯಾಮ್ ಶುರುವಾದಾಗ ಅದಕ್ಕೆ ಟಿಕೆಟ್ಟಿರಲಿಲ್ಲ. ಹೆಸರಾಂತರೂ ಬರಬಹುದು, ನಿನ್ನೆ ಕಟ್ಟಿದ ಕಾಲೇಜು ಬ್ಯಾಂಡೂ ನುಡಿಸಬಹುದು. ಇಂಥ ಬಯಲು ಇಲ್ಲದಿದ್ದರೆ ಹೊಸಬರು ತಪ್ಪು ಮಾಡಿ ತಿದ್ದಿಕೊಳ್ಳುವುದು ಎಲ್ಲಿ? 2019ರಲ್ಲಿ ಇಂದಿರಾನಗರದ ಹಮ್ಮಿಂಗ್ ಟ್ರೀ ಎಂಬ ಸಂಗೀತದ ತಾಣ ಬಾಗಿಲು ಹಾಕಿದಾಗ ಎಷ್ಟೋ ಸಣ್ಣ ಬ್ಯಾಂಡುಗಳಿಗೆ ಇದ್ದ ಒಂದು ನೆಲೆ ತಪ್ಪಿತು. ಆ ಕೊರತೆ ನನ್ನನ್ನು ಇಂದಿಗೂ ಬಾಧಿಸುತ್ತದೆ.

ಆದರೆ ಸ್ಥಳೀಯ ಉತ್ಸವ ಹೇಗಿರಬೇಕು ಎಂಬುದಕ್ಕೆ ನಾನು ತೋರಿಸುವ ಮಾದರಿ ದೂರದ ಅರುಣಾಚಲ ಪ್ರದೇಶದಲ್ಲಿದೆ. ಅಲ್ಲಿನ ಜೀರೊ ಕಣಿವೆ ಅಪತಾನಿ ಜನರ ನೆಲೆ. ಭತ್ತದ ಗದ್ದೆಯ ನೀರಲ್ಲೇ ಮೀನು ಸಾಕುವ ಜನ ಅವರು. ಆ ಊರಿನವರೇ ಆದ ಬೋಬಿ ಹಾನೊ ಮತ್ತು ದೆಹಲಿಯ ಮೆನ್‌ಹೂಪಾಸ್ ಬ್ಯಾಂಡಿನ ಗಿಟಾರ್ ವಾದಕ ಅನೂಪ್ ಕುಟ್ಟಿ ಸೇರಿ 2012ರಲ್ಲಿ ಜೀರೊ ಸಂಗೀತೋತ್ಸವ ಶುರುಮಾಡಿದರು. ಸೆಪ್ಟೆಂಬರಿನ ಕೊನೆಯ ಹೊತ್ತಿಗೆ, ಗದ್ದೆಯ ಬದುವಿನ ಪಕ್ಕದಲ್ಲಿ, ಅಪತಾನಿ ಕೈಗಳೇ ಬಿದಿರಿನಿಂದ ಕಟ್ಟಿದ ವೇದಿಕೆ. ಹಗಲಿನ ವೇದಿಕೆಗೆ ಸೂರ್ಯನ ಹೆಸರು, ರಾತ್ರಿಯದಕ್ಕೆ ಚಂದ್ರನ ಹೆಸರು. ಅಕ್ಕಿಯಿಂದ ಮಾಡಿದ ಅಪೊಂಗ್ ಬಿದಿರಿನ ಲೋಟದಲ್ಲಿ ಬರುತ್ತದೆ. ಈಶಾನ್ಯದ ಹಳ್ಳಿಯ ಹಾಡುಗಾರರು, ಮೆಟ್ರೊ ನಗರಗಳ ಬ್ಯಾಂಡುಗಳು, ವಿದೇಶದವರು ಒಂದೇ ಬಿದಿರಿನ ಮೇಲೆ ನಿಲ್ಲುತ್ತಾರೆ. ಉತ್ಸವ ಆ ಊರಿನ ಮೇಲೆ ಬಂದು ಕೂತಿಲ್ಲ, ಆ ಊರಿನಿಂದಲೇ ಎದ್ದಿದೆ. ನಮ್ಮ ಮಲೆನಾಡಿನಲ್ಲೋ ಕರಾವಳಿಯಲ್ಲೋ ಇಂಥದ್ದೊಂದು ಬೇರುಬಿಡಲಿ ಎಂಬುದು ನನ್ನ ಬಹುದಿನದ ಆಸೆ.

ಕೊನೆಗೆ ದುಡ್ಡಿನ ಮಾತು, ಏಕೆಂದರೆ ಹಾಡುವವರಿಗೂ ಮನೆ ಬಾಡಿಗೆ ಇದೆ. ಸ್ಪಾಟಿಫೈನಲ್ಲಿ ಹಾಡೊಂದು ಹನ್ನೆರಡು ತಿಂಗಳಲ್ಲಿ ಕನಿಷ್ಠ ಸಾವಿರ ಸಲ ಕೇಳಿಸದಿದ್ದರೆ 2024ರಿಂದ ಅದಕ್ಕೆ ಗೌರವಧನವೇ ಇಲ್ಲ. ಬ್ಯಾಂಡ್‌ಕ್ಯಾಂಪ್ ಎಂಬ ತಾಣದಲ್ಲಿ ಡಿಜಿಟಲ್ ಆಲ್ಬಮ್ ಕೊಂಡರೆ ತಾಣ ತೆಗೆದುಕೊಳ್ಳುವ ಪಾಲು ಶೇ 15. ಪಾವತಿಯ ಶುಲ್ಕ ಕಳೆದು ಉಳಿದದ್ದು ಕಲಾವಿದರಿಗೆ. ಎಲ್ಲಕ್ಕಿಂತ ನೇರವಾದದ್ದು ವೇದಿಕೆಯ ಪಕ್ಕ ಬ್ಯಾಂಡಿನವರೇ ಹಾಕಿಕೊಂಡಿರುವ ಮೇಜು. ಅಲ್ಲಿ ಸಿಡಿಯೋ ಟೀ ಶರ್ಟೋ ಕೊಂಡರೆ ದುಡ್ಡು ಅವರ ಕೈಗೇ ಸೇರುತ್ತದೆ, ಹಾಡಿದವರ ಜೊತೆ ಎರಡು ಮಾತೂ ಆಗುತ್ತದೆ.

ಉತ್ಸವಗಳಲ್ಲಿ ಹೆಸರಾಂತ ಬ್ಯಾಂಡು ರಾತ್ರಿ ಒಂಬತ್ತಕ್ಕೆ ಬರುತ್ತದೆ. ಮೊದಲ ಇಪಿ ಹಿಡಿದುಕೊಂಡು ಬಂದ ಹೊಸ ಹುಡುಗರಿಗೆ ಸಿಗುವುದು ಸಂಜೆ ಐದರ ಬಿಸಿಲಿನ ಹೊತ್ತು, ಎದುರಿಗೆ ಖಾಲಿ ಮೈದಾನ. ಈ ಸಲ ದಯವಿಟ್ಟು ಐದಕ್ಕೇ ಹೋಗಿ, ಮುಂದಿನ ಸಾಲಿನಲ್ಲಿ ನಿಂತು ಕೇಳಿ.