ಮರಣೋತ್ತರ ಮೆದುಳಿನ ಚಿತ್ರಣ

ಮರಣೋತ್ತರ ಮೆದುಳಿನ ಚಿತ್ರಣವು ಸಂಶಯಾಸ್ಪದ ಸಾವುಗಳ ತನಿಖೆಯಲ್ಲಿ, ತಲೆಬುರುಡೆಯನ್ನು ತೆರೆಯುವ ಮೊದಲೇ ಮೆದುಳನ್ನು ಪರೀಕ್ಷಿಸುವ ನ್ಯಾಯವೈದ್ಯಕೀಯ ವಿಧಾನವಾಗಿದೆ. ತಲೆಗೆ ಗುಂಡೇಟು ಬಿದ್ದು ಸತ್ತವರ ಸಿ.ಟಿ. ಸ್ಕ್ಯಾನ್ ಕುರಿತ ವರದಿಯು 1977ರಲ್ಲಿ ಜರ್ಮನಿಯಲ್ಲಿ ಪ್ರಕಟವಾಯಿತು. ಭಾರತದಲ್ಲಿ 2021ರಲ್ಲಿ ದೆಹಲಿಯ ಏಮ್ಸ್ ಸಂಸ್ಥೆಯು ಸ್ಕ್ಯಾನ್ ಆಧಾರಿತ ಶವಪರೀಕ್ಷಾ ಕೇಂದ್ರವನ್ನು ಆರಂಭಿಸಿತು.

ಸಿ.ಟಿ. ಸ್ಕ್ಯಾನ್ ಬುರುಡೆಯ ಬಿರುಕು, ರಕ್ತಸ್ರಾವ ಹಾಗೂ ಗುಂಡು ಸಾಗಿದ ಹಾದಿಯನ್ನು ತೋರಿಸುತ್ತದೆ. ಮೆದುಳಿನ ಮೃದು ಅಂಗಾಂಶಕ್ಕಾದ ಪೆಟ್ಟನ್ನು ಎಂ.ಆರ್.ಐ. ಹೆಚ್ಚು ಸ್ಪಷ್ಟವಾಗಿ ತೋರಿಸುತ್ತದೆ. ಕೊಳೆತ ಮೆದುಳು ಬುರುಡೆಯನ್ನು ತೆರೆದೊಡನೆ ಆಕಾರ ಕಳೆದುಕೊಳ್ಳುವುದರಿಂದ, ಅಂತಹ ಪ್ರಕರಣಗಳಲ್ಲಿ ಈ ಚಿತ್ರಗಳು ವಿಶೇಷವಾಗಿ ಉಪಯುಕ್ತ. ಶವಸಂಸ್ಕಾರವಾದ ನಂತರವೂ ಮತ್ತೊಬ್ಬ ತಜ್ಞರು ಅವುಗಳನ್ನು ಮರುಪರಿಶೀಲಿಸಬಹುದು.

ಆದರೆ ಕೊಳೆಯುವಾಗ ರಕ್ತನಾಳಗಳಲ್ಲಿ ತುಂಬುವ ಅನಿಲವನ್ನು ಗಾಯದ ಪರಿಣಾಮವೆಂದು ತಪ್ಪಾಗಿ ಗ್ರಹಿಸುವ ಅಪಾಯವಿದೆ. ವಿಷಪ್ರಾಶನವನ್ನು ದೃಢಪಡಿಸಲು ರಾಸಾಯನಿಕ ಪರೀಕ್ಷೆಯೇ ಬೇಕು. ಹೀಗಾಗಿ ಈ ವಿಧಾನವು ಸಾಂಪ್ರದಾಯಿಕ ಶವಪರೀಕ್ಷೆಗೆ ಪೂರಕವೇ ಹೊರತು ಸಂಪೂರ್ಣ ಪರ್ಯಾಯವಲ್ಲ.