ಇರುವೆಯ ವೇಷದ ಎಟ್ಟುಕಾಲಿ

ಕಾಸರಗೋಡಿನ ಗೇರುಗುಡ್ಡೆಗಳಲ್ಲಿ ಬೀಜ ಹೆಕ್ಕಿದವರಿಗೆಲ್ಲ ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆಯ ಪರಿಚಯ ಚೆನ್ನಾಗಿಯೇ ಇದೆ. ಘಟ್ಟದ ಮೇಲಿನವರಿಗೆ ಇದು ಚಗಳಿ, ಮಲಯಾಳದಲ್ಲಿ ಪುಳಿಯುರುಂಬು. ಕಚ್ಚಿದ ಜಾಗಕ್ಕೇ ಹುಳಿರಸ ಚಿಮ್ಮಿಸುವ ಈ ಇರುವೆಯ ತಂಟೆಗೆ ಎಷ್ಟೋ ಹಕ್ಕಿಗಳೂ ಹೋಗುವುದಿಲ್ಲ.

ಆ ಹೆದರಿಕೆಯನ್ನೇ ಬಂಡವಾಳ ಮಾಡಿಕೊಂಡ ಜೇಡವೊಂದಿದೆ. 1869ರಲ್ಲೇ ಸಿಂಹಳದ ಮಾದರಿಯಿಂದ ವಿಜ್ಞಾನಿಗಳು ಅದನ್ನು ಗುರುತಿಸಿದ್ದರು. ಮೈಬಣ್ಣ ಅದೇ, ಸಣ್ಣ ಸೊಂಟ ಅದೇ, ಓಡುವ ಗತ್ತೂ ಅದೇ. ಇರುವೆಗೆ ಆರು ಕಾಲು, ಎರಡು ಮೀಸೆ. ಜೇಡಕ್ಕೆ ಮೀಸೆಯಿಲ್ಲವಲ್ಲ, ಮುಂಗಾಲು ಎರಡನ್ನೂ ಎತ್ತಿ ಮೀಸೆಯಂತೆ ಆಡಿಸುತ್ತದೆ! ಗಂಡಿನ ದವಡೆ ಎಷ್ಟು ಉದ್ದವೆಂದರೆ, ಇರುವೆಯೊಂದು ಇನ್ನೊಂದನ್ನು ಕಚ್ಚಿ ಹೊತ್ತೊಯ್ಯುವಂತೆ ಕಾಣುತ್ತದೆ. ಚೌಕಿಯಲ್ಲಿ ಬಣ್ಣ ಹಚ್ಚುವುದನ್ನು ಕಂಡ ನಾವೂ ತಲೆದೂಗಬೇಕು.

ಗುಟ್ಟು ಹಿಡಿಯಲು ನನಗೆ ಮಲಯಾಳದ ಹೆಸರೇ ಸಾಕಾಗುತ್ತದೆ. ಜೇಡಕ್ಕೆ ಅವರು ಎಟ್ಟುಕಾಲಿ ಅಂತಾರೆ, ಅಂದ್ರೆ ಎಂಟು ಕಾಲಿನದು. ಕಾಲು ಎಣಿಸಿ. ಅನುಮಾನ ಉಳಿದರೆ ಕಡ್ಡಿ ತಾಗಿಸಿ: ಇರುವೆ ಕಡ್ಡಿಯನ್ನೇ ಕಚ್ಚುತ್ತದೆ, ಜೇಡ ನೂಲು ಬಿಟ್ಟು ಕೆಳಗಿಳಿಯುತ್ತದೆ.

ಇದು ಇರುವೆಯ ನೆರಳಲ್ಲಿ ಬದುಕುವ ಬಡಪಾಯಿ. ಇರುವೆಗೆ ಸಿಕ್ಕರೆ ಇದಕ್ಕೂ ಉಳಿಗಾಲವಿಲ್ಲ, ಹಾಗಾಗಿ ಆದಷ್ಟು ದೂರವೇ ಇರುತ್ತದೆ. ಅದೇ ವೇಷದ ಇನ್ನೊಂದು ಜೇಡ ಮಾತ್ರ ಶುದ್ಧ ಕಳ್ಳ. ಅದರ ಹೊಟ್ಟೆಯ ಹಿಂತುದಿಯಲ್ಲಿ ಕಣ್ಣಿನಂಥ ಎರಡು ಕಪ್ಪು ಚುಕ್ಕೆಗಳಿವೆ. ಸಾಯುತ್ತಿರುವ ಇರುವೆಯಂತೆ ಒದ್ದಾಡಿ, ನೋಡಲು ಬಂದ ಇರುವೆಯನ್ನೇ ಕಚ್ಚಿ, ನೂಲಿನಲ್ಲಿ ಜೋತಾಡುತ್ತಾ ತಿನ್ನುತ್ತದೆ.

ನೋಡಿ, ಒಂದೇ ಮರದಲ್ಲಿ ಕಾವಲುಗಾರ, ಆಶ್ರಿತ, ಕಳ್ಳ, ಮೂವರಿಗೂ ಒಂದೇ ಬಣ್ಣ. ಕಾವಲುಗಾರ ಎಂದದ್ದು ಸುಮ್ಮನೆ ಅಲ್ಲ. ಗೇರಿನ ಚಿಗುರು, ಹೂ ಸುಡುವ ಟೀ ಸೊಳ್ಳೆಯನ್ನು ಹಿಡಿದು ತಿನ್ನುವುದು ಈ ಇರುವೆಯೇ. ನಮ್ಮ ಗಡಿಯ ಗುಡ್ಡೆಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿಯುತ್ತಿದ್ದ ಎಂಡೋಸಲ್ಫಾನ್ 2000ರಲ್ಲಿ ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶಕ್ಕೇ ನಿಷೇಧಿಸಿತು. ಮನುಷ್ಯರನ್ನೇ ಬಿಡದ ಆ ವಿಷ ಇರುವೆ, ಜೇಡ ಎಂದು ಭೇದ ಮಾಡೀತೇ?

ಗೇರು ಹೂ ಬಿಡುವ ಹೊತ್ತಿಗೆ ಮದ್ದಿನ ಪಂಪು ಹೆಗಲಿಗೇರಿಸುವ ಮೊದಲು ಒಂದು ಸುತ್ತು ಗುಡ್ಡೆಗೆ ಹೋಗಿ ಬನ್ನಿ. ಚಗಳಿ ಗೂಡು ತುಂಬಿದ ಮರಕ್ಕೆ ಸುಮ್ಮನೆ ಮದ್ದು ಹೊಡೆದು ದುಡ್ಡು ಕಳೆಯಬೇಡಿ.