ದೀಪವಾರಿದ ಮೇಲೆ

ಸಂಗೀತವು ಕಿವಿಯ ವಿಷಯ. ಅದಕ್ಕೂ ಕೋಣೆಯ ದೀಪಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ನಾನೂ ಬಹುಕಾಲ ಹಾಗೆಯೇ ಕೇಳುತ್ತಿದ್ದವನು.

ನ್ಯಾಮತಿಯ ನಮ್ಮ ಮನೆಯಲ್ಲಿ ಅಜ್ಜನ ಕಾಲದ ವಾಲ್ವ್ ರೇಡಿಯೊ ಒಂದಿತ್ತು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯನ್ನು ರಾತ್ರಿ ಹಚ್ಚಿದರೆ, ಖರ್ಚು ಉಳಿಯಲೆಂದು ಬಲ್ಬನ್ನು ಆರಿಸುತ್ತಿದ್ದರು. ಉಳಿಯುತ್ತಿದ್ದುದು ಡಯಲಿನ ಹಳದಿ ಬೆಳಕೊಂದೇ. ಮಲ್ಲಿಕಾರ್ಜುನ ಮನ್ಸೂರರ ಧ್ವನಿಗೆ ಅರಿಸಿನದ ಬಣ್ಣವಿದೆಯೆಂದು ನಾನು ಬಾಲ್ಯದಲ್ಲಿ ನಂಬಿದ್ದೆ.

ಆಮೇಲೆ ಟ್ಯೂಬ್‌ಲೈಟು ಬಂದಿತು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು. ಹಳೆಯ ಚೋಕು ಅದರ ಇಮ್ಮಡಿ, ಎಂದರೆ 100 ಸಲ ಕಂಪಿಸಿ ಗುಂಯ್‌ಗುಡುತ್ತದೆ. ಭಜನೆಗೆ ಹಾರ್ಮೋನಿಯಂ ನುಡಿಸುತ್ತಿದ್ದ ತಂದೆಯವರಿಗೆ ಅದು ಪರಮ ವೈರಿ. 'ಶ್ರುತಿ ಸೇರದ ಇನ್ನೊಂದು ತಂಬೂರಿ' ಎಂದು ಬೈಯುತ್ತಿದ್ದರು. ಮುಪ್ಪಿನ ಚಪಲವೆಂದು ನಾನು ನಗುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ಅವರು ಹೊಸ್ತಿಲು ಎಡವತೊಡಗಿದರು. ಬೆಳಕು ಸಾಲದೆಂದು ಮನೆ ತುಂಬ ಎಲ್‌ಇಡಿ ದೀಪಗಳನ್ನು ಹಾಕಿಸಿದೆ. ಕತ್ತಲೆ ಮನೆಯದಲ್ಲವೆಂದು ತಿಳಿಯುವಷ್ಟರಲ್ಲಿ ಹೊತ್ತು ಮೀರಿತ್ತು. ಗ್ಲಾಕೋಮಾ ನೋವಿಲ್ಲದೆ, ಅಂಚಿನಿಂದ ಒಳಕ್ಕೆ ದೃಷ್ಟಿಯನ್ನು ತಿನ್ನುತ್ತ ಬರುತ್ತದೆ, ಹೋದದ್ದು ಮರಳದು.

ಒಂದು ಸಂಜೆ ಬಸವರಾಜ ರಾಜಗುರುಗಳ ಗಾಯನ ಹಚ್ಚಿ, ಪಕ್ಕದಲ್ಲಿಯೇ ಉತ್ತರಪತ್ರಿಕೆಗಳನ್ನು ತಿದ್ದುತ್ತ ಕುಳಿತಿದ್ದೆ. "ದೀಪ ಆರಿಸೋ. ನೀನು ಕೇಳ್ತಾ ಇಲ್ಲ," ಎಂದರು. ಆರಿಸಿದೆ. ಆಗ ಕೇಳಿಸಿತು: ತಾನಿನ ಮುನ್ನ ಗಾಯಕರು ಎಳೆದುಕೊಳ್ಳುವ ಉಸಿರು, ತಬಲಾದ ಬಾಯಾಂ ಸಣ್ಣಗೆ ಗುಮ್ಮೆನ್ನುವುದು. ಎಷ್ಟೋ ಸಲ ಕೇಳಿದ್ದ ಹಾಡದು! ರಾಜಗುರುಗಳ ಗುರು ಪಂಚಾಕ್ಷರಿ ಗವಾಯಿಗಳು ಅಂಧರು; ಅವರ ತರುವಾಯ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನಡೆಸಿದ ಪುಟ್ಟರಾಜ ಗವಾಯಿಗಳೂ ಅಂಧರು. ಆ ಪಾಠಶಾಲೆಯಲ್ಲಿ ದೀಪ ಉರಿದರೂ ಆರಿದರೂ ಗುರುವಿಗೆ ಒಂದೇ ಆಗಿತ್ತೆಂಬುದು ಅಂದು ಕತ್ತಲಲ್ಲಿ ಹೊಳೆಯಿತು.

ಹಾಗೆಂದು ಕತ್ತಲೆಯೇ ಮೇಲೆಂದು ನಾನು ವಾದಿಸಲಾರೆ. ಭೀಮಸೇನ ಜೋಶಿಯವರ ತೋಳು, ಕತ್ತು, ಹುಬ್ಬುಗಳೆಲ್ಲ ಹಾಡುತ್ತಿದ್ದವು. ಅದನ್ನು ಕಾಣದವನಿಗೆ ನಷ್ಟವೇ. ತಂದೆಯವರ ಮುಂದೆ ಮಾತ್ರ ಈ ಮಾತನ್ನು ಆಡಿಲ್ಲ.

ಈಗ ದಿನವೂ ದೀಪವಾರಿಸಿಯೇ ಕೇಳುತ್ತೇವೆ. ಮೊನ್ನೆ ಕೆಲಸ ಬಹಳವಿತ್ತು. "ಆರಿಸಿದೆಯೇನೋ?" ಎಂದಾಗ, ಉರಿಯುವ ದೀಪದಡಿಯಲ್ಲಿ ಕುಳಿತೇ "ಆರಿಸಿದೆ ಅಪ್ಪಾ" ಎಂದುಬಿಟ್ಟೆ.

ಅವರು ತುಸು ಹೊತ್ತು ಸುಮ್ಮನಿದ್ದರು. "ಸ್ವಿಚ್ಚಿನ ಸದ್ದು ಕೇಳಲಿಲ್ಲವಲ್ಲ," ಎಂದರು.